ತೋಳಿನ ಮೇಲಿನ ಹಳೆಯ ಗುರುತು

ನಿಮ್ಮ ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ ಅದರ ಎಡತೋಳಿನ ಮೇಲ್ಭಾಗವನ್ನು ಒಮ್ಮೆ ನೋಡಿ. ಅಲ್ಲೊಂದು ಸಣ್ಣ ಗುರುತು ಇರುತ್ತದೆ. ಮಗು ಹುಟ್ಟಿದಾಗ ಆಸ್ಪತ್ರೆಯಲ್ಲಿ ಹಾಕಿದ ಬಿಸಿಜಿ ಚುಚ್ಚುಮದ್ದಿನ ಗುರುತು ಅದು. ಹಾಕಿದ ಕೆಲವು ವಾರಗಳಲ್ಲಿ ಅಲ್ಲಿ ಸಣ್ಣ ಗುಳ್ಳೆ ಎದ್ದು, ಒಡೆದು, ಒಣಗಿ, ಕಡೆಗೊಂದು ಕಲೆ ಉಳಿಯುತ್ತದೆ. ಆಮೇಲೆ ಅದರ ಕಡೆ ಯಾರ ಗಮನವೂ ಹೋಗುವುದಿಲ್ಲ, ಹೋಗಬೇಕಾದ ಕಾರಣವೂ ಇಲ್ಲ. ಆದರೆ ನಾಲ್ಕೈದು ದಿನದಿಂದ ಜ್ವರ ಬಿಡದ ಮಗುವಿನಲ್ಲಿ, ತಿಂಗಳುಗಳ ಹಿಂದೆಯೇ ಒಣಗಿಹೋಗಿದ್ದ ಆ ಗುರುತು ಇದ್ದಕ್ಕಿದ್ದಂತೆ ಕೆಂಪಾಗಿ, ಊದಿಕೊಂಡು, ಮೇಲೆ ಹೊಪ್ಪಳೆ ಕಟ್ಟಿದರೆ, ಆ ಮಗುವಿನ ಹೃದಯವನ್ನು ಪರೀಕ್ಷೆ ಮಾಡಿಸಬೇಕು. ತೋಳಿಗೂ ಹೃದಯಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಇಂದಿನ ನನ್ನ ಮಾತು ಅದರ ಬಗ್ಗೆಯೇ.

ನಮ್ಮ ಮೈಯಲ್ಲಿ ರಕ್ತ ಹರಿಯುವ ನಾಳಗಳ ಗೋಡೆಗೂ ಉರಿಯೂತ ಬರುತ್ತದೆ. ಇದಕ್ಕೆ ವೈದ್ಯರು ವ್ಯಾಸ್ಕುಲೈಟಿಸ್ ಎನ್ನುತ್ತಾರೆ. ಕೀಲಿಗೆ ಉರಿಯೂತ ಬಂದರೆ ಕೀಲು ಊದುತ್ತದೆ, ಗಂಟಲಿಗೆ ಬಂದರೆ ನುಂಗಲು ಆಗುವುದಿಲ್ಲ. ರಕ್ತನಾಳಕ್ಕೆ ಬಂದರೆ ಯಾವ ಅಂಗದ ನಾಳವೋ ಆ ಅಂಗದಲ್ಲಿ ತೊಂದರೆ ಕಾಣಿಸುತ್ತದೆ. ನಾಳಗಳು ಇಲ್ಲದ ಅಂಗವೇ ಇಲ್ಲವಲ್ಲ, ಹಾಗಾಗಿ ಈ ಕಾಯಿಲೆಗೆ ನೂರು ಮುಖ. ಆದರೆ ಇಡೀ ಮೈಯಲ್ಲಿ ನಾವು ಬರಿಗಣ್ಣಿನಿಂದ ನೋಡಬಹುದಾದ ನಾಳಗಳೆಂದರೆ ಚರ್ಮದವು, ಜೊತೆಗೆ ಕಣ್ಣಿನ ಬಿಳಿಭಾಗದವು. ಒಳಗೆ ನಡೆಯುತ್ತಿರುವುದರ ಸುಳಿವು ಅಲ್ಲಿ ಮೊದಲು ಸಿಗುತ್ತದೆ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತನಾಳದ ಉರಿಯೂತಗಳು ಎರಡು. ಒಂದು ಕವಾಸಾಕಿ ಕಾಯಿಲೆ, ಇನ್ನೊಂದು ಹೆನಾಕ್ ಶೋನ್ಲೈನ್ ಪರ್ಪುರಾ. ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಗೋಜು ಬೇಡ, ಚರ್ಮದ ಮೇಲಿನ ಚಹರೆ ನೆನಪಿದ್ದರೆ ಸಾಕು. ಮೊದಲಿನದರ ಬಗ್ಗೆ ಹೆಚ್ಚು ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ದಿನಗಳ ಲೆಕ್ಕವಿದೆ.

1961ರ ಜನವರಿಯಲ್ಲಿ ಟೋಕಿಯೋದ ರೆಡ್‌ಕ್ರಾಸ್ ಆಸ್ಪತ್ರೆಗೆ ನಾಲ್ಕು ವರ್ಷದ ಹುಡುಗನೊಬ್ಬ ಬಂದ. ಜ್ವರ, ಮೈತುಂಬ ದದ್ದು, ಕೆಂಪು ಕಣ್ಣು, ಒಡೆದ ತುಟಿ. ಅವನನ್ನು ನೋಡಿದ ಮಕ್ಕಳ ವೈದ್ಯ ಟೊಮಿಸಾಕು ಕವಾಸಾಕಿಯವರಿಗೆ ಇದು ಗೊತ್ತಿರುವ ಯಾವ ಕಾಯಿಲೆಗೂ ಹೊಂದುವುದಿಲ್ಲ ಎನ್ನಿಸಿತು. ಮುಂದಿನ ವರ್ಷ ಅಂಥದೇ ಇನ್ನೊಂದು ಮಗು ಬಂತು. ಅವರು ಒಂದೊಂದೇ ಮಗುವನ್ನು ಗುರುತು ಹಾಕಿಕೊಳ್ಳುತ್ತಾ ಹೋಗಿ, 1967ರಲ್ಲಿ 50 ಮಕ್ಕಳ ವಿವರವನ್ನು ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು. ಹೊರಗಿನ ಲೋಕಕ್ಕೆ ತಿಳಿದದ್ದು 1974ರಲ್ಲಿ, ಅದು ಇಂಗ್ಲಿಷಿಗೆ ಬಂದಾಗ. ದೊಡ್ಡ ಯಂತ್ರವಾಗಲಿ, ಹೊಸ ರಕ್ತಪರೀಕ್ಷೆಯಾಗಲಿ ಅವರ ಬಳಿ ಇರಲಿಲ್ಲ. ತಾಳ್ಮೆಯಿಂದ ಮಕ್ಕಳ ಮೈಯನ್ನು ನೋಡಿ, ಕಂಡದ್ದನ್ನು ಬರೆದಿಟ್ಟರು, ಅಷ್ಟೇ. ಅವರು 2020ರ ಜೂನ್‌ನಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಹೊತ್ತಿಗೂ ಈ ಕಾಯಿಲೆಯ ಮೂಲ ಕಾರಣ ಸಿಕ್ಕಿರಲಿಲ್ಲ, ಇಂದಿಗೂ ಸಿಕ್ಕಿಲ್ಲ. ಇದೇ ಕಾಯಿಲೆ ಎಂದು ಖಚಿತವಾಗಿ ಹೇಳುವ ಒಂದೇ ಒಂದು ರಕ್ತಪರೀಕ್ಷೆ ಈಗಲೂ ಇಲ್ಲ. ನೋಡಿಯೇ ಕಂಡುಹಿಡಿಯಬೇಕು. ಹಾಗಾಗಿ ಮನೆಯವರ ಕಣ್ಣಿಗೆ ಇಲ್ಲಿ ಬಹಳ ಬೆಲೆ ಇದೆ.

ಪುಸ್ತಕದ ಲೆಕ್ಕ ಹೀಗಿದೆ. ಐದು ದಿನ ಅಥವಾ ಹೆಚ್ಚು ಜ್ವರ. ಪ್ಯಾರಾಸಿಟಮಾಲ್ ಕೊಟ್ಟಾಗ ಕೊಂಚ ಇಳಿದು ಮತ್ತೆ ಏರುವ ಜ್ವರ. ಜೊತೆಗೆ ಎರಡೂ ಕಣ್ಣು ಕೆಂಪು, ಆದರೆ ಪಿಸುರು ಇರುವುದಿಲ್ಲ. ತುಟಿ ಕೆಂಪಾಗಿ ಒಡೆಯುತ್ತದೆ, ನಾಲಗೆಯ ಮೇಲೆ ಸಣ್ಣ ಸಣ್ಣ ಉಬ್ಬು ಎದ್ದು ಸ್ಟ್ರಾಬೆರಿ ಹಣ್ಣಿನಂತೆ ಕಾಣುತ್ತದೆ. ಮೈಮೇಲೆ ದದ್ದು. ಅಂಗೈ ಅಂಗಾಲು ಕೆಂಪಾಗಿ ಊದಿಕೊಳ್ಳುತ್ತವೆ. ಕುತ್ತಿಗೆಯ ಒಂದು ಬದಿಯಲ್ಲಿ ಗಡ್ಡೆ ಕಟ್ಟುತ್ತದೆ. ಈ ಐದರಲ್ಲಿ ನಾಲ್ಕಿದ್ದರೆ ಕವಾಸಾಕಿ ಎಂದು ಹೇಳಬಹುದು.

ಕೇಳಲು ಸುಲಭ. ತೊಂದರೆ ಎಂದರೆ, ಮಕ್ಕಳು ಪುಸ್ತಕ ಓದಿಕೊಂಡು ಕಾಯಿಲೆ ಬೀಳುವುದಿಲ್ಲ. ಇವೆಲ್ಲ ಒಂದೇ ದಿನ ಒಟ್ಟಿಗೆ ಬರುವುದಿಲ್ಲ. ಸೋಮವಾರ ಕಣ್ಣು ಕೆಂಪಾಗಿದ್ದು ಬುಧವಾರದ ಹೊತ್ತಿಗೆ ತಿಳಿಯಾಗುತ್ತದೆ, ಆಗ ದದ್ದು ಏಳುತ್ತದೆ. ಗುರುವಾರ ಡಾಕ್ಟರ ಹತ್ತಿರ ಹೋದಾಗ ದದ್ದು ಮಾತ್ರ ಇರುತ್ತದೆ, ಕಣ್ಣಿನ ವಿಷಯ ತಾಯಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇನ್ನು ಒಂದು ವರ್ಷದೊಳಗಿನ ಕೂಸುಗಳಲ್ಲಿ, ಅದರಲ್ಲೂ ಆರು ತಿಂಗಳೊಳಗಿನವುಗಳಲ್ಲಿ, ಐದರಲ್ಲಿ ಎರಡೋ ಮೂರೋ ಕಂಡರೆ ಹೆಚ್ಚು. ಕೆಲವಕ್ಕೆ ಜ್ವರ ಮತ್ತು ವಿಪರೀತ ಕಿರಿಕಿರಿ ಬಿಟ್ಟರೆ ಬೇರೇನೂ ಎದ್ದು ಕಾಣುವುದಿಲ್ಲ. ಆದರೆ ಹೃದಯಕ್ಕೆ ಹೆಚ್ಚು ಅಪಾಯ ಇರುವುದು ಈ ಕೂಸುಗಳಿಗೇ. ಇಂಥ ಸಂದರ್ಭದಲ್ಲಿ ಪಟ್ಟಿಯ ಹೊರಗಿನ ಲಕ್ಷಣಗಳು ಸಹಾಯಕ್ಕೆ ಬರುತ್ತವೆ.

ಮೊದಲನೆಯದು ಆಗ ಹೇಳಿದ ಬಿಸಿಜಿ ಗುರುತು. ಜ್ವರದ ಮೊದಲ ಕೆಲವು ದಿನಗಳಲ್ಲೇ ಆ ಜಾಗ ಕೆಂಪಾಗುತ್ತದೆ, ಗಟ್ಟಿಯಾಗುತ್ತದೆ, ಕೆಲವೊಮ್ಮೆ ನಡುವೆ ಹೊಪ್ಪಳೆ ಕಟ್ಟುತ್ತದೆ. ಚುಚ್ಚುಮದ್ದು ಹಾಕಿ ಬಹಳ ಕಾಲವಾಗದ ಮಕ್ಕಳಲ್ಲಿ, ಎಂದರೆ ಒಂದೆರಡು ವರ್ಷದೊಳಗಿನವರಲ್ಲಿ, ಇದು ಹೆಚ್ಚು. ಜಪಾನಿನಲ್ಲಿ ಬಿಸಿಜಿಯನ್ನು ನಮ್ಮಂತೆ ಒಂದೇ ಸೂಜಿಯಲ್ಲಿ ಹಾಕುವುದಿಲ್ಲ. ಒಂಬತ್ತು ಸೂಜಿಗಳ ಒಂದು ಅಚ್ಚನ್ನು ಎರಡು ಸಲ ಒತ್ತುತ್ತಾರೆ, ಹದಿನೆಂಟು ಚುಕ್ಕಿಗಳ ಗುರುತು ಬೀಳುತ್ತದೆ. ಕವಾಸಾಕಿ ಬಂದಾಗ ಆ ಹದಿನೆಂಟು ಚುಕ್ಕಿಯೂ ಕೆಂಪಾಗಿ ಎದ್ದು ನಿಲ್ಲುವುದನ್ನು ಅಲ್ಲಿನ ವೈದ್ಯರು ಚೆನ್ನಾಗಿ ಬಲ್ಲರು. 2020ರಲ್ಲಿ ಜಪಾನಿನವರು ತಮ್ಮ ರೋಗನಿರ್ಣಯದ ನಿಯಮಗಳನ್ನು ತಿದ್ದಿದಾಗ ಬಿಸಿಜಿ ಜಾಗದ ಕೆಂಪನ್ನೂ ದದ್ದಿನ ಲಕ್ಷಣದೊಳಗೆ ಸೇರಿಸಿಕೊಂಡರು. ಅಮೆರಿಕದಲ್ಲಿ ಎಲ್ಲ ಮಕ್ಕಳಿಗೂ ಬಿಸಿಜಿ ಹಾಕುವ ಪದ್ಧತಿಯೇ ಇಲ್ಲ, ಹಾಗಾಗಿ ಅಲ್ಲಿನ ಪುಸ್ತಕಗಳಲ್ಲಿ ಇದಕ್ಕೆ ಸಿಗುವ ಜಾಗ ಸಣ್ಣದು. ನಮ್ಮಲ್ಲಿ ಹುಟ್ಟುವ ಮಕ್ಕಳಿಗೆಲ್ಲ ಇದನ್ನು ಹಾಕುತ್ತೇವೆ. ಖರ್ಚಿಲ್ಲದ, ಸೂಜಿ ಚುಚ್ಚದ ಪರೀಕ್ಷೆ ಮಗುವಿನ ತೋಳಿನ ಮೇಲೆಯೇ ಇದ್ದರೂ ಅಂಗಿಯ ತೋಳು ಮೇಲೆತ್ತಿ ನೋಡುವವರು ಕಡಿಮೆ ಎನ್ನುವುದು ನನ್ನ ತಕರಾರು. ಹಾಗೆಂದು ಗುರುತು ಕೆಂಪಾಗದಿದ್ದರೆ ಕವಾಸಾಕಿ ಅಲ್ಲ ಎಂದು ತಿಳಿಯಬಾರದು. ಆದರೆ ಕೆಂಪಾಗಿದ್ದರೆ ಅದನ್ನು ಬದಿಗೆ ಸರಿಸುವಂತಿಲ್ಲ.

ಮುಂಬಯಿಯಲ್ಲಿ ಏಳು ತಿಂಗಳಿನ ಒಂದು ಕೂಸನ್ನು ನೋಡಿದ್ದು ನೆನಪಾಗುತ್ತದೆ. ಆರು ದಿನದ ಜ್ವರ, ಮೈಮೇಲೆ ಅಲ್ಲಲ್ಲಿ ದದ್ದು, ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲ. ಬಾಣಂತನಕ್ಕೆಂದು ಬಾಗಲಕೋಟೆ ಕಡೆಯಿಂದ ಬಂದ ಅಜ್ಜಿ ಅಲ್ಲಿಯೇ ಉಳಿದಿದ್ದರು. ತಂದೆತಾಯಿ ಇಬ್ಬರೂ ಔಷಧಿಗಳ ಹೆಸರು ಹೇಳುತ್ತಿರುವಾಗ ಅಜ್ಜಿ ಕೂಸಿನ ಅಂಗಿ ಸರಿಸಿ, "ಇಲ್ಲಿ ನೋಡ್ರಿ ಡಾಕ್ಟರ, ಹುಟ್ಟಿದಾಗ ಮಾಡಿದ ಸೂಜಿ ಈಗ ಮತ್ತ ಕೆಂಪಗ ಆಗೇತಿ, ಮೊನ್ನೆ ಎರೀವಾಗ ಹಿಂಗ ಇದ್ದಿದ್ದಿಲ್ಲ" ಎಂದರು. ಎಕೋ ಪರೀಕ್ಷೆ ಮಾಡಿಸಿದಾಗ ಹೃದಯದ ನಾಳ ಸ್ವಲ್ಪ ಹಿಗ್ಗಿತ್ತು. ಏಳನೆಯ ದಿನ ಚಿಕಿತ್ಸೆ ಆಯಿತು, ಆರು ವಾರದ ಹೊತ್ತಿಗೆ ನಾಳ ಮೊದಲಿನಂತಾಗಿತ್ತು. ದಿನಾ ಎರೆಯುವ ಕೈಗೆ ಕೂಸಿನ ಮೈ ಗೊತ್ತಿರುತ್ತದೆ. ನಿನ್ನೆ ಇಲ್ಲದ್ದು ಇವತ್ತು ಇದೆ ಎಂದು ಹೇಳಬಲ್ಲವರು ಮನೆಯವರೇ.

ಎರಡನೆಯದು ಲಂಗೋಟಿ ಕಟ್ಟುವ ಜಾಗ, ಈಗಿನ ಮಾತಿನಲ್ಲಿ ಡೈಪರ್ ಜಾಗ. ತೊಡೆಸಂದು, ಗುಪ್ತಾಂಗ, ಗುದದ ಸುತ್ತ ಚರ್ಮ ಕೆಂಪಾಗಿ, ಜ್ವರದ ಮೊದಲ ವಾರದಲ್ಲೇ ಸಣ್ಣಗೆ ಸಿಪ್ಪೆ ಏಳುತ್ತದೆ. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಇದನ್ನು ಕಂಡವರು ಡೈಪರಿನ ಉರಿ ಎಂದು ಪೌಡರ್ ಹಾಕಿ ಸುಮ್ಮನಾಗುವುದು ಸಹಜ. ಬೆರಳ ತುದಿಯಲ್ಲಿ, ಉಗುರಿನ ಅಂಚಿನಿಂದ ಶುರುವಾಗಿ ಸಿಪ್ಪೆ ಸುಲಿಯುವುದು ಈ ಕಾಯಿಲೆಯ ಪ್ರಸಿದ್ಧ ಲಕ್ಷಣ. ಆದರೆ ಅದು ಬರುವುದು ಎರಡನೆಯ ಮೂರನೆಯ ವಾರದಲ್ಲಿ, ಅಷ್ಟರಲ್ಲಿ ಚಿಕಿತ್ಸೆಯ ಒಳ್ಳೆಯ ದಿನಗಳು ಮುಗಿದುಹೋಗಿರುತ್ತವೆ. ತೊಡೆಸಂದಿಯ ಸಿಪ್ಪೆ ಅದಕ್ಕಿಂತ ಎಷ್ಟೋ ಮೊದಲು ಕಾಣಿಸುತ್ತದೆ. ಹಾಗಾಗಿ ಜ್ವರ ಬಂದ ಕೂಸನ್ನು ಡಾಕ್ಟರು ಪೂರ್ತಿ ಬಟ್ಟೆ ಬಿಚ್ಚಿಸಿ ನೋಡಬೇಕು. ಅವರು ಮರೆತರೆ ನೀವೇ ಬಿಚ್ಚಿ ತೋರಿಸಿ, ಸಂಕೋಚ ಬೇಡ.

ಮೂರನೆಯದು ಲಕ್ಷಣಕ್ಕಿಂತ ಹೆಚ್ಚಾಗಿ ನಮ್ಮ ಬಣ್ಣದ ವಿಚಾರ. ಕೆಂಪು, ಕೆಂಪು ಎಂದು ಇಷ್ಟು ಹೊತ್ತು ಹೇಳಿದೆನಲ್ಲ, ಅದು ಬಿಳಿಯರ, ಜಪಾನಿಯರ ಚರ್ಮ ನೋಡಿ ಬರೆದ ಮಾತು. ಎಣ್ಣೆಗೆಂಪು, ಕಪ್ಪು ಮೈಬಣ್ಣದ ನಮ್ಮ ಮಕ್ಕಳಲ್ಲಿ ಆ ಕೆಂಪು ಅಷ್ಟು ಸುಲಭವಾಗಿ ಕಾಣುವುದಿಲ್ಲ. ದದ್ದು ಕಂದಾಗಿ, ಕೆಲವೊಮ್ಮೆ ನೇರಳೆ ಛಾಯೆಯಾಗಿ, ಅಥವಾ ಇರುವ ಬಣ್ಣವೇ ಗಾಢವಾದಂತೆ ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗಂತೂ ಏನೂ ಗೊತ್ತಾಗುವುದಿಲ್ಲ. ಮಗುವನ್ನು ಕಿಟಕಿಯ ಬಳಿ ಹಗಲು ಬೆಳಕಿಗೆ ಎತ್ತಿಕೊಂಡು ಹೋಗಿ ನೋಡಿ. ಅಂಗೈ, ಅಂಗಾಲು, ತುಟಿ, ಕಣ್ಣಿನ ಬಿಳಿ, ಈ ನಾಲ್ಕು ಕಡೆ ಬಣ್ಣ ಮುಚ್ಚಿಕೊಳ್ಳುವುದಿಲ್ಲ. ಕೈಯಾಡಿಸಿ ನೋಡಿ, ದದ್ದು ಎದ್ದಿದ್ದರೆ ಬೆರಳಿಗೆ ತಗಲುತ್ತದೆ. ಪಾದ ಊದಿದ್ದರೆ ಹೊಸದಾಗಿ ಕೊಂಡ ಬೂಟು ಕೂಡ ಹಿಡಿಯುವುದಿಲ್ಲ, ನಡೆಯುತ್ತಿದ್ದ ಮಗು ಎತ್ತಿಕೋ ಎಂದು ಹಟ ಮಾಡುತ್ತದೆ.

ಇನ್ನೂ ಅಪರೂಪದ ರೂಪಗಳಿವೆ, ಬೇಗ ಹೇಳಿ ಮುಗಿಸುತ್ತೇನೆ. ಕೆಲವು ಮಕ್ಕಳಿಗೆ ಸೋರಿಯಾಸಿಸ್‌ನಂತೆ ಹೊಟ್ಟು ಏಳುವ ದಪ್ಪ ಪಟ್ಟೆಗಳು ಬರುತ್ತವೆ. ಕೆಲವರಿಗೆ ಸಾಸಿವೆಗಿಂತ ಸಣ್ಣ ಕೀವುಗುಳ್ಳೆಗಳಂಥವು ಏಳುತ್ತವೆ, ಪರೀಕ್ಷಿಸಿದರೆ ಅದರಲ್ಲಿ ಯಾವ ರೋಗಾಣುವೂ ಸಿಗುವುದಿಲ್ಲ. ಉಗುರುಗಳು ಕಿತ್ತಳೆ-ಕಂದು ಬಣ್ಣಕ್ಕೆ ತಿರುಗುವುದನ್ನು ನಮ್ಮ ದೇಶದ ವೈದ್ಯರೂ ಬರೆದಿದ್ದಾರೆ. ತೀರಾ ಎಳೆಯ ಕೂಸುಗಳಲ್ಲಿ, ಬಹಳ ವಿರಳವಾಗಿ, ಬೆರಳ ತುದಿಗೆ ರಕ್ತ ಹೋಗದೆ ಅದು ತಣ್ಣಗಾಗಿ ಕಪ್ಪಾಗುತ್ತದೆ. ಆಗ ಒಂದು ಗಂಟೆಯೂ ಕಾಯಬಾರದು. ಇದಕ್ಕೆ ವಿರುದ್ಧವಾದ ಸುಳಿವೂ ಒಂದಿದೆ. ನೀರು ತುಂಬಿದ ಬೊಬ್ಬೆಗಳು ಕವಾಸಾಕಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಅವಿದ್ದರೆ ವೈದ್ಯರು ಬೇರೆ ಕಾಯಿಲೆಯ ಕಡೆ ಯೋಚಿಸುತ್ತಾರೆ.

ಈಗ ನಮ್ಮ ಮನೆಗಳಲ್ಲಿ ನಡೆಯುವುದನ್ನು ನೋಡೋಣ. ಮಗುವಿಗೆ ಜ್ವರ, ಎರಡನೆಯ ದಿನ ಹತ್ತಿರದ ಕ್ಲಿನಿಕ್ಕಿನಲ್ಲಿ ಆ್ಯಂಟಿಬಯಾಟಿಕ್ ಬರೆಯುತ್ತಾರೆ. ನಾಲ್ಕನೆಯ ದಿನ ದದ್ದು. ಔಷಧಿಯ ಅಲರ್ಜಿ ಎಂದು ತೀರ್ಮಾನವಾಗಿ ಬೇರೆ ಔಷಧಿ ಬರುತ್ತದೆ. ಊರಿನಿಂದ ಫೋನಿನಲ್ಲಿ ಅತ್ತೆ, "ಅಮ್ಮ ಆಗಿರಬೇಕು, ಬೇವಿನ ಸೊಪ್ಪು ಹಾಸಿ ಮಲಗಿಸು" ಎನ್ನುತ್ತಾರೆ. ಪಕ್ಕದ ಫ್ಲಾಟಿನವರು ಪಿತ್ತದ ಗಂಧೆ ಎನ್ನುತ್ತಾರೆ. ಐದನೆಯ ದಿನ ಇನ್ನೊಬ್ಬ ಡಾಕ್ಟರು, ಅವರಿಗೆ ಮೊದಲಿನ ದಿನಗಳ ಕಥೆ ಗೊತ್ತಿಲ್ಲ. ಯಾರನ್ನೂ ದೂರಿ ಪ್ರಯೋಜನವಿಲ್ಲ. ದಡಾರ, ಔಷಧಿಯ ಅಲರ್ಜಿ, ಡೆಂಗಿ, ಇವೆಲ್ಲ ಈ ಕಾಯಿಲೆಗಿಂತ ಹೆಚ್ಚಾಗಿ ಕಾಣುವಂಥವೇ. ಆದರೆ ಹೀಗೆ ಒಂದೊಂದೇ ದಿನ ಜಾರಿ ಹತ್ತು ದಿನ ಆಗಿಬಿಡುತ್ತದೆ.

ಹತ್ತು ದಿನ ಎಂದು ಯಾಕೆ ಹೇಳುತ್ತೇನೆಂದರೆ, ಜ್ವರ ಶುರುವಾಗಿ ಹತ್ತು ದಿನದೊಳಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧಿಯನ್ನು ರಕ್ತನಾಳದ ಮೂಲಕ ಕೊಟ್ಟರೆ ಹೃದಯ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಇದು ರಕ್ತದಾನಿಗಳ ಪ್ಲಾಸ್ಮಾದಿಂದ ತೆಗೆದ ರೋಗನಿರೋಧಕ ಅಂಶ. ಮಗುವಿನ ತೂಕದ ಪ್ರತಿ ಕಿಲೋಗೆ 2 ಗ್ರಾಂ ಲೆಕ್ಕದಲ್ಲಿ, ಹತ್ತು ಹನ್ನೆರಡು ಗಂಟೆ ಕಾಲ ನಿಧಾನವಾಗಿ ಹನಿಹನಿಯಾಗಿ ಕೊಡುತ್ತಾರೆ. ಜೊತೆಗೆ ಆಸ್ಪಿರಿನ್. 1984ರಲ್ಲಿ ಜಪಾನಿನ ವೈದ್ಯರು ಇದರ ಗುಣವನ್ನು ಮೊದಲು ತೋರಿಸಿದರು, 1986ರಲ್ಲಿ ಅಮೆರಿಕದ ವೈದ್ಯರು ಖಚಿತಪಡಿಸಿದರು. ಚಿಕಿತ್ಸೆ ಇಲ್ಲದಿದ್ದರೆ ನೂರರಲ್ಲಿ ಸುಮಾರು 25 ಮಕ್ಕಳಿಗೆ ಹೃದಯಕ್ಕೆ ರಕ್ತ ಒದಗಿಸುವ ಕರೋನರಿ ನಾಳಗಳು ಬಲೂನಿನಂತೆ ಉಬ್ಬುತ್ತವೆ. ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಆ ಸಂಖ್ಯೆ ನಾಲ್ಕೈದಕ್ಕೆ ಇಳಿಯುತ್ತದೆ. ಹತ್ತು ಕಿಲೋ ತೂಕದ ಮಗುವಿಗೆ 20 ಗ್ರಾಂ ಬೇಕು, ಅದಕ್ಕೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ ಎನ್ನುವುದು ನಿಜ. ಹಣದ ಚಿಂತೆ ಇದ್ದರೆ ಅದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿ, ದೊಡ್ಡ ಆಸ್ಪತ್ರೆಗಳಲ್ಲಿ ಸಮಾಜ ಕಾರ್ಯಕರ್ತರ ವಿಭಾಗ ಇರುತ್ತದೆ. ಹತ್ತು ದಿನ ಕಳೆದು ಹೋಗಿದ್ದರೂ ಜ್ವರ, ಉರಿಯೂತ ಇನ್ನೂ ಇದ್ದರೆ ಈ ಔಷಧಿ ಕೊಡುತ್ತಾರೆ. ತಡವಾಯಿತೆಂದು ಮನೆಯಲ್ಲೇ ಉಳಿಯಬೇಡಿ.

ಈ ಕಾಯಿಲೆಯಲ್ಲಿ ನನಗೆ ಅತಿ ಭಯ ಹುಟ್ಟಿಸುವ ಸಂಗತಿ ಬೇರೆಯೇ ಇದೆ. ಯಾವ ಚಿಕಿತ್ಸೆಯೂ ಇಲ್ಲದೆ ಈ ಜ್ವರ ಒಂದೆರಡು ವಾರದಲ್ಲಿ ತಾನಾಗಿಯೇ ಇಳಿದುಬಿಡುತ್ತದೆ. ದದ್ದು ಮಾಯವಾಗುತ್ತದೆ, ಮಗು ಆಟಕ್ಕೆ ಇಳಿಯುತ್ತದೆ. ಕೊನೆಗೆ ಕೊಟ್ಟ ಔಷಧಿಗೋ, ಹರಕೆ ಹೊತ್ತ ದೇವರಿಗೋ ಅದರ ಕೀರ್ತಿ ಹೋಗುತ್ತದೆ. ಆದರೆ ಹೃದಯದ ನಾಳ ಉಬ್ಬುವುದು ಅದೇ ವಾರಗಳಲ್ಲಿ, ಸದ್ದಿಲ್ಲದೆ. ಆ ಉಬ್ಬಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಗುವಿಗೇ ಹೃದಯಾಘಾತ ಆಗಬಹುದು, ಇಲ್ಲವೇ ಎಷ್ಟೋ ವರ್ಷಗಳ ನಂತರ, ಬೀಡಿ ಸಿಗರೇಟು ಮುಟ್ಟದ ತರುಣನಿಗೆ ಆಗಬಹುದು. ನಿಮ್ಮ ಮಗುವಿಗೆ ಹಿಂದೆಂದೋ ಹತ್ತು ಹನ್ನೆರಡು ದಿನ ಕಾರಣ ತಿಳಿಯದ ಜ್ವರ ಬಂದು, ಆಮೇಲೆ ಬೆರಳ ತುದಿಗಳು ಹಾವಿನ ಪೊರೆಯಂತೆ ಸುಲಿದಿದ್ದು ನೆನಪಿದ್ದರೆ ಮಕ್ಕಳ ವೈದ್ಯರಿಗೆ ಹೇಳಿ, ಒಂದು ಎಕೋ ಮಾಡಿಸಬೇಕೇ ಎಂದು ಕೇಳಿ. ಎಕೋ ಎಂದರೆ ಬಸುರಿಯರಿಗೆ ಮಾಡುವ ಸ್ಕ್ಯಾನಿನಂತೆಯೇ, ನೋವಿಲ್ಲ.

ಇನ್ನು ಎರಡನೆಯ ಕಾಯಿಲೆ. ಹೆನಾಕ್ ಶೋನ್ಲೈನ್ ಎನ್ನುವುದು ಇಬ್ಬರು ಜರ್ಮನ್ ವೈದ್ಯರ ಹೆಸರು, ಈಗ ಇದಕ್ಕೆ ಐಜಿಎ ವ್ಯಾಸ್ಕುಲೈಟಿಸ್ ಎನ್ನುವ ಹೆಸರೂ ಇದೆ. ಇಲ್ಲಿ ಉರಿಯೂತ ಬರುವುದು ಅತಿ ಸಣ್ಣ ನಾಳಗಳಿಗೆ. ಸ್ವಲ್ಪ ದೊಡ್ಡ ಮಕ್ಕಳು, ಶಾಲೆಗೆ ಹೋಗುವ ವಯಸ್ಸಿನವರು ಹೆಚ್ಚು. ನೆಗಡಿ, ಗಂಟಲುನೋವು ಬಂದು ಹೋದ ಒಂದೆರಡು ವಾರದ ಮೇಲೆ ಕಾಲಿನ ಮೇಲೆ, ಪಿರ್ರೆಯ ಮೇಲೆ ಕೆಂಪು-ನೇರಳೆ ಚುಕ್ಕಿಗಳು ಏಳುತ್ತವೆ. ಮುಟ್ಟಿದರೆ ಸ್ವಲ್ಪ ಉಬ್ಬಿರುವುದು ತಿಳಿಯುತ್ತದೆ. ಎರಡೂ ಕಾಲಿನಲ್ಲಿ ಸರಿಸಮವಾಗಿ ಇರುತ್ತವೆ. ಶಾಲೆಯ ಕಾಲುಚೀಲದ ಎಲಾಸ್ಟಿಕ್ ಬಿಗಿದ ಕಡೆ ಬಳೆಯಂತೆ ಸುತ್ತಲೂ ಚುಕ್ಕಿ ಎದ್ದಿರುವುದೂ ಉಂಟು. ಜೊತೆಗೆ ಮಂಡಿ, ಹರಡು ಊದುತ್ತವೆ, ಹೊಟ್ಟೆ ಹಿಂಡಿದಂತೆ ನೋಯುತ್ತದೆ. ರಕ್ತದಲ್ಲಿ ಪ್ಲೇಟ್‌ಲೆಟ್ ಎಣಿಕೆ ಮಾತ್ರ ಸರಿಯಾಗಿಯೇ ಇರುತ್ತದೆ, ಡೆಂಗಿಯಿಂದ ಇದನ್ನು ಬೇರೆ ಮಾಡುವ ಒಂದು ದಾರಿ ಅದು.

ಇದರಲ್ಲೂ ವಿಚಿತ್ರ ರೂಪಗಳಿವೆ. ಎರಡು ಮೂರು ವರ್ಷದ ಮಕ್ಕಳಲ್ಲಿ ಚುಕ್ಕಿಗಿಂತ ಮೊದಲು ತಲೆಯ ಮೇಲೆ, ಕಣ್ಣಿನ ಸುತ್ತ, ಕೈಪಾದಗಳ ಮೇಲೆ ಊತ ಬರುತ್ತದೆ, ಬಿದ್ದು ಪೆಟ್ಟಾಗಿದೆ ಎಂದುಕೊಳ್ಳುತ್ತಾರೆ. ಗಂಡುಮಕ್ಕಳಲ್ಲಿ ವೃಷಣ ಊದಿ ನೋಯಬಹುದು. ಕೆಲವರಿಗೆ ಕಾಲಿನ ಮೇಲೆ ರಕ್ತ ತುಂಬಿದ ಬೊಬ್ಬೆಗಳು ಏಳುತ್ತವೆ, ನೋಡಿದರೆ ಎದೆ ಝಲ್ಲೆನ್ನುತ್ತದೆ, ಸುಟ್ಟಗಾಯವೇ ಎಂದು ಕೇಳುತ್ತಾರೆ. ಮಗುವನ್ನು ಯಾರೋ ಹೊಡೆದಿದ್ದಾರೆ ಎಂದು ಶಾಲೆಯವರು ಸಂಶಯಪಟ್ಟದ್ದೂ ಇದೆ. ಕೆಲವರಿಗೆ ಹೊಟ್ಟೆನೋವೇ ಮೊದಲು ಬಂದು, ಚುಕ್ಕಿ ಕಾಣಲು ಕೆಲವು ದಿನ ಹಿಡಿಯುತ್ತದೆ. ಹೊಟ್ಟೆನೋವಿನ ಮಗುವಿನ ಚಡ್ಡಿ ಸರಿಸಿ ಪಿರ್ರೆ, ಕಾಲು ನೋಡುವ ಅಭ್ಯಾಸವಿದ್ದರೆ ಒಳ್ಳೆಯದು.

ಹೆಚ್ಚಿನ ಮಕ್ಕಳಲ್ಲಿ ಇದು ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಹೆದರಬೇಕಾದದ್ದು ಮೂತ್ರಪಿಂಡಕ್ಕೆ. ಅಲ್ಲಿಯ ತೊಂದರೆ ಹೊರಗೆ ಕಾಣುವುದಿಲ್ಲ, ನೋವೂ ಇರುವುದಿಲ್ಲ, ಚುಕ್ಕಿ ಮಾಸಿದ ಮೇಲೂ ಶುರುವಾಗಬಹುದು. ಅದಕ್ಕಾಗಿ ಸುಮಾರು ಆರು ತಿಂಗಳ ಕಾಲ ಆಗಾಗ ಮೂತ್ರ ಪರೀಕ್ಷೆ ಮಾಡಿಸಿ, ರಕ್ತದೊತ್ತಡ ನೋಡಿಸಬೇಕು. ಚುಕ್ಕಿ ಹೋಯಿತು, ಇನ್ನೇಕೆ ಲ್ಯಾಬಿಗೆ ಅಲೆಯಬೇಕು ಎಂದು ಬಹಳ ಮಂದಿ ಎರಡನೆಯ ತಿಂಗಳಿಗೇ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಮೂತ್ರ ಪರೀಕ್ಷೆ ತೀರಾ ಅಗ್ಗದ ಪರೀಕ್ಷೆ.

ಇದರ ದಾಯಾದಿಯಂಥ ಇನ್ನೊಂದಿದೆ. ನಾಲ್ಕು ತಿಂಗಳಿಂದ ಎರಡು ವರ್ಷದ ಕೂಸುಗಳಿಗೆ ಕೆನ್ನೆ, ಕಿವಿ, ಕೈಕಾಲುಗಳ ಮೇಲೆ ನಾಣ್ಯದಷ್ಟು ಅಗಲದ ನೇರಳೆ ಮಚ್ಚೆಗಳು ಏಳುತ್ತವೆ, ಮುಖ ಪಾದ ಊದುತ್ತವೆ. ನೋಡಿದ ತಾಯಿ ಅಳುತ್ತಾ ಬರುತ್ತಾಳೆ, ಕೂಸು ಮಾತ್ರ ನಗುತ್ತಾ ಬರುತ್ತದೆ. ಮಚ್ಚೆ ಇಷ್ಟು ಭಯಂಕರ, ಕೂಸು ಇಷ್ಟು ಆರಾಮ ಎನ್ನುವ ಈ ವೈರುಧ್ಯವೇ ಇದರ ಗುರುತು. ಒಂದರಿಂದ ಮೂರು ವಾರದಲ್ಲಿ ಯಾವ ಔಷಧಿಯೂ ಇಲ್ಲದೆ ಹೋಗುತ್ತದೆ. ಆದರೆ ಹಾಗೆಂದು ಹೇಳಬೇಕಾದವರು ಮಗುವನ್ನು ಪರೀಕ್ಷಿಸಿದ ವೈದ್ಯರು, ರೇಡಿಯೋದಲ್ಲಿ ಮಾತಾಡುವ ನಾನಲ್ಲ.

ಯಾಕೆಂದರೆ ನೇರಳೆ ಚುಕ್ಕಿಗಳಲ್ಲಿ ಗಂಟೆಗಳಲ್ಲೇ ಜೀವ ತೆಗೆಯುವಂಥವೂ ಇವೆ. ಪಾರದರ್ಶಕ ಗಾಜಿನ ಲೋಟವೊಂದನ್ನು ತೆಗೆದುಕೊಂಡು ಚುಕ್ಕಿಯ ಮೇಲೆ ಅದರ ಬದಿಯನ್ನು ಒತ್ತಿ ಹಿಡಿಯಿರಿ. ಸಾಮಾನ್ಯ ದದ್ದು ಒತ್ತಿದಾಗ ಮಾಸುತ್ತದೆ. ರಕ್ತ ನಾಳದಿಂದ ಹೊರಬಂದು ಆದ ಚುಕ್ಕಿ ಮಾಸುವುದಿಲ್ಲ, ಗಾಜಿನೊಳಗಿಂದ ಹಾಗೆಯೇ ಕಾಣುತ್ತದೆ. ಮೈಬಣ್ಣ ಕಪ್ಪಾಗಿದ್ದರೆ ಅಂಗೈ, ಅಂಗಾಲು, ಹೊಟ್ಟೆಯ ಮೇಲೆ ನೋಡಿ. ಮಾಸದ ಚುಕ್ಕಿಯ ಜೊತೆ ಜ್ವರವಿದ್ದು, ಮಗು ಮಂಕಾಗಿ, ಕೈಕಾಲು ತಣ್ಣಗಿದ್ದರೆ, ಪದೇಪದೇ ವಾಂತಿಯಾಗುತ್ತಿದ್ದರೆ, ಅದು ಮೆದುಳುಪೊರೆಯ ಸೋಂಕಿನ ರೋಗಾಣು ರಕ್ತಕ್ಕೆ ಸೇರಿದ್ದಿರಬಹುದು, ತೀವ್ರ ಡೆಂಗಿಯೂ ಇರಬಹುದು. ಬೆಳಗಾಗಲಿ ಎಂದು ಕಾಯದೆ ಆ ಕ್ಷಣ ಆಸ್ಪತ್ರೆಗೆ ಹೊರಡಿ.

ಕೊರೋನಾ ಕಾಲದಲ್ಲಿ ಈ ವಿಷಯ ಮತ್ತೆ ಸುದ್ದಿಗೆ ಬಂತು. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ವೈದ್ಯರು, ಕೋವಿಡ್ ಬಂದು ಹೋದ ಕೆಲವು ವಾರಗಳ ನಂತರ ಮಕ್ಕಳಲ್ಲಿ ಕವಾಸಾಕಿಯನ್ನು ಹೋಲುವ ಜ್ವರ, ದದ್ದು, ಕೆಂಪು ಕಣ್ಣು ಕಾಣುತ್ತಿದೆ ಎಂದು ಎಚ್ಚರಿಸಿದರು. ಆಮೇಲೆ ನಮ್ಮಲ್ಲೂ ಕಂಡಿತು. ಅದಕ್ಕೆ ಮಿಸ್-ಸಿ ಎಂದು ಹೆಸರಾಯಿತು. ಅದು ತುಸು ದೊಡ್ಡ ಮಕ್ಕಳಿಗೆ ಹೆಚ್ಚು, ಹೊಟ್ಟೆನೋವು, ಭೇದಿ, ರಕ್ತದೊತ್ತಡ ಕುಸಿಯುವುದು ಅದರಲ್ಲಿ ಮುಂದು. ಆ ಗದ್ದಲದಿಂದ ಒಂದು ಲಾಭವಾಯಿತು. ಕವಾಸಾಕಿ ಹೆಸರನ್ನೇ ಕೇಳದಿದ್ದ ಎಷ್ಟೋ ಮಂದಿಗೆ ಆ ಹೆಸರು ಪರಿಚಯವಾಯಿತು.

ಊರು ಬಿಟ್ಟು ಮಹಾನಗರದಲ್ಲಿ ಇರುವ ನಮಗೆ ಇನ್ನೊಂದು ಕಷ್ಟ ಇದೆ, ಅದು ಮಾತಿನದು. ದದ್ದು, ಗಂಧೆ, ಬೊಕ್ಕೆ, ಗುಳ್ಳೆ, ಬೊಬ್ಬೆ, ಇವು ಒಂದೊಂದೂ ಬೇರೆ ಬೇರೆ ಎಂದು ನಮಗೆ ಗೊತ್ತು. ಹಿಂದಿಯಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ಹೇಳುವಾಗ ಎಲ್ಲವೂ ಒಂದೇ ಪದವಾಗಿಬಿಡುತ್ತದೆ. ಅದಕ್ಕೆ ಮಾತಿಗಿಂತ ಫೋಟೋ ಮೇಲು. ಪ್ರತಿದಿನ ಕಿಟಕಿಯ ಬೆಳಕಿನಲ್ಲಿ ಕಣ್ಣು, ನಾಲಗೆ, ಅಂಗೈ, ಅಂಗಾಲು, ಬಿಸಿಜಿ ಗುರುತು, ದದ್ದು ಇರುವ ಜಾಗ, ಇಷ್ಟನ್ನು ಮೊಬೈಲಿನಲ್ಲಿ ತೆಗೆದಿಡಿ. ಮೊಬೈಲು ತಾರೀಖನ್ನೂ ತಾನೇ ಬರೆದಿಟ್ಟುಕೊಳ್ಳುತ್ತದೆ. ಕ್ಯಾಲೆಂಡರಿನಲ್ಲಿ ಜ್ವರ ಶುರುವಾದ ದಿನಕ್ಕೆ ಒಂದು ಸುತ್ತು ಹಾಕಿ, ಅದೇ ಮೊದಲನೆಯ ದಿನ. ಮೈಗೆ ಅರಿಶಿನ, ಕ್ಯಾಲಮೈನ್, ಗಂಧ ಬಳಿದು ಕರೆತರಬೇಡಿ, ಬಣ್ಣದ ಕೆಳಗೆ ಏನಿದೆಯೆಂದು ನಮಗೆ ಕಾಣುವುದಿಲ್ಲ. ಡಾಕ್ಟರನ್ನು ಬದಲಾಯಿಸಿದರೆ ಹಳೆಯ ಚೀಟಿಗಳೆಲ್ಲ ಜೊತೆಯಲ್ಲಿರಲಿ. ಐದು ದಿನ ಆದ ಮೇಲೂ ಜ್ವರ ಬಿಡದಿದ್ದರೆ, "ಇದು ಕವಾಸಾಕಿ ಇರಬಹುದೇ?" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಕೇಳಿದ್ದಕ್ಕೆ ಸಿಟ್ಟಾಗುವ ಡಾಕ್ಟರು ಕಡಿಮೆ.

ದೊಡ್ಡ ಆಸ್ಪತ್ರೆ ಬೇಕಾದರೆ ಮುಂಬಯಿಯ ಪರೇಲ್‌ನಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆ ಇದೆ, ಚೆನ್ನೈನ ಎಗ್ಮೋರಿನಲ್ಲಿ ಸರ್ಕಾರಿ ಮಕ್ಕಳ ಆಸ್ಪತ್ರೆ, ಹೈದರಾಬಾದಿನಲ್ಲಿ ನಿಲೋಫರ್, ದೆಹಲಿಯಲ್ಲಿ ಕಲಾವತಿ ಶರಣ್. ಪುಣೆಯಲ್ಲಿ ಸಸೂನ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗವಿದೆ. ಚಂಡೀಗಢದ ಪಿಜಿಐನಲ್ಲಿ ಈ ಕಾಯಿಲೆಯ ಬಗ್ಗೆ ಹಲವು ವರ್ಷಗಳಿಂದ ಕೆಲಸ ನಡೆದಿದೆ, ನಮ್ಮ ದೇಶದಲ್ಲಿ ಇದರ ಬಗ್ಗೆ ತಿಳಿವಳಿಕೆ ಹೆಚ್ಚಲು ಅದೂ ಒಂದು ಕಾರಣ.

ಕಡೆಯದಾಗಿ, ತಾಯಂದಿರು ಸಾಮಾನ್ಯವಾಗಿ ಕೇಳುವ ಮೂರು ಪ್ರಶ್ನೆಗಳು. ಕವಾಸಾಕಿ ಮನೆಯ ಬೇರೆ ಮಕ್ಕಳಿಗೆ ಅಂಟುತ್ತದೆಯೇ? ಇಲ್ಲ, ಅಕ್ಕತಮ್ಮಂದಿರನ್ನು ಬೇರೆ ಮನೆಗೆ ಕಳಿಸಬೇಕಿಲ್ಲ. ಆಸ್ಪಿರಿನ್ ಕೊಡಬಾರದು ಎಂದು ಕೇಳಿದ್ದೇವೆ, ಇವರೇಕೆ ಕೊಡುತ್ತಾರೆ? ಜ್ವರಕ್ಕೆಂದು ಮಕ್ಕಳಿಗೆ ಮನೆಯಲ್ಲಿ ಆಸ್ಪಿರಿನ್ ಕೊಡಲೇಬಾರದು, ಅದು ಸರಿ. ಇಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ವೈದ್ಯರು ಲೆಕ್ಕ ಹಾಕಿ ಕೆಲವು ವಾರ ಕೊಡುತ್ತಾರೆ. ಆ ಸಮಯದಲ್ಲಿ ಮಗುವಿಗೆ ಫ್ಲೂ ಅಥವಾ ಸೀತಾಳೆ ಸಿಡುಬು ಬಂದರೆ, ಮನೆಯಲ್ಲಿ ಯಾರಿಗಾದರೂ ಬಂದರೂ, ಕೂಡಲೇ ಫೋನ್ ಮಾಡಿ ತಿಳಿಸಬೇಕು. ಆಸ್ಪಿರಿನ್ ಮತ್ತು ಆ ಸೋಂಕು ಸೇರಿದರೆ ಮಿದುಳಿಗೆ, ಯಕೃತ್ತಿಗೆ ಅಪರೂಪದ ಆದರೆ ಗಂಭೀರ ತೊಂದರೆ ಆಗಬಹುದು.

ಮೂರನೆಯದು ಲಸಿಕೆಯ ಪ್ರಶ್ನೆ. ಇಮ್ಯುನೋಗ್ಲಾಬ್ಯುಲಿನ್ ಕೊಟ್ಟ ಮೇಲೆ ದಡಾರ, ಎಂಎಂಆರ್, ಸೀತಾಳೆ ಸಿಡುಬಿನ ಲಸಿಕೆಗಳನ್ನು ಸಾಮಾನ್ಯವಾಗಿ 11 ತಿಂಗಳು ಮುಂದಕ್ಕೆ ಹಾಕುತ್ತಾರೆ, ಯಾಕೆಂದರೆ ಆ ಔಷಧಿ ಮೈಯಲ್ಲಿರುವವರೆಗೆ ಈ ಲಸಿಕೆಗಳು ಸರಿಯಾಗಿ ಹಿಡಿಯುವುದಿಲ್ಲ. ಪೋಲಿಯೋ ಹನಿ ಮುಂತಾದ ಉಳಿದವನ್ನು ಯಾವಾಗ ಹಾಕಿಸಬೇಕೆಂದು ನಿಮ್ಮ ವೈದ್ಯರನ್ನು ಕೇಳಿ. ಲಸಿಕೆಯ ಪುಸ್ತಕದ ಮೊದಲ ಪುಟದಲ್ಲೇ ಔಷಧಿ ಕೊಟ್ಟ ತಾರೀಖನ್ನು ದಪ್ಪಗೆ ಬರೆಸಿಕೊಳ್ಳಿ. ರಜೆಗೆ ಊರಿಗೆ ಹೋದಾಗ ಅಲ್ಲಿನ ಅಂಗನವಾಡಿಯಲ್ಲಿ, ಲಸಿಕೆ ಬಾಕಿ ಇದೆಯಲ್ಲ ಎಂದು ಕೇಳಿದರೆ ಆ ಪುಟವನ್ನು ತೋರಿಸಬಹುದು.